ದನಿ ಇಲ್ಲದ ಅರವತ್ತು ಮದುವೆ

ನಾನು ಮದುವೆಗಳಿಗೆ ಹೋಗುವುದಿಲ್ಲ, ಮದುವೆಗಳೇ ನನ್ನ ಮನೆಗೆ ಬರುತ್ತವೆ. ಕಂಪ್ಲಿ, ಸಂಡೂರು ಕಡೆಯ ಫೋಟೋಗ್ರಾಫರುಗಳು ಶೂಟಿಂಗ್ ಮುಗಿಸಿ ಹಾರ್ಡ್ ಡಿಸ್ಕನ್ನು ಬಸ್ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಾರೆ. ಹೊಸಪೇಟೆ ಬಸ್‌ಸ್ಟ್ಯಾಂಡಿನಿಂದ ಅದನ್ನು ತಂದು, ಮನೆಯ ಮುಂದಿನ ಕೋಣೆಯಲ್ಲಿ ಕೂತು ನಾನು ಎಡಿಟ್ ಮಾಡುತ್ತೇನೆ. ಹತ್ತು ವರ್ಷದಲ್ಲಿ ಎಷ್ಟು ಮದುವೆ ನೋಡಿದ್ದೇನೋ, ಒಂದು ಮನೆಯ ಊಟವನ್ನೂ ಉಂಡಿಲ್ಲ.

ನಮ್ಮ ಕಡೆ ಈ ಕಸುಬಿನ ಮೊದಲ ಪಾಠವೇ ಕ್ಯಾಮೆರಾದ ದನಿಯನ್ನು ಬಂದ್ ಮಾಡುವುದು. ಅದರಲ್ಲಿ ಇರುವುದಾದರೂ ಏನು? ಬ್ಯಾಂಡು, ಜನರೇಟರು, "ಲೇ ಸರೀಲೇ, ಕ್ಯಾಮೆರಾಕ್ಕ ಅಡ್ಡ ನಿಂತೀದಿ" ಎಂಬ ಬೈಗುಳ. ಆ ಗದ್ದಲ ಕಿತ್ತುಹಾಕಿ ಮೇಲೆ ಸಿನಿಮಾ ಹಾಡು ಹಾಕಿದರೆ ಎಲ್ಲರಿಗೂ ಖುಷಿ. ಕ್ಯಾಮೆರಾದ ದನಿಯನ್ನು ನಾನು ಕಿವಿಗೊಟ್ಟು ಕೇಳಿಯೇ ವರ್ಷಗಳಾಗಿದ್ದವು.

ನಾಲ್ಕು ವರ್ಷದ ಹಿಂದೆ ನನ್ನ ಕಂಪ್ಯೂಟರಿಗೆ ವೈರಸ್ ಹೊಕ್ಕು ಎರಡು ವಾರದ ಕೆಲಸ ನುಂಗಿತು. ಸಿಟ್ಟಿನಲ್ಲಿ ಇದ್ದದ್ದನ್ನೆಲ್ಲ ಒರೆಸಿ ವೈರಸ್ ಕಾಟ ಕಡಿಮೆ ಎನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡೆ. ಸಿನಿಮಾದವರು ಬಳಸುವ ದೊಡ್ಡ ಎಡಿಟಿಂಗ್ ಸಾಫ್ಟ್‌ವೇರ್ ಅದಕ್ಕೂ ಪುಕ್ಕಟೆ ಸಿಗುತ್ತಿತ್ತು. ಆದರೆ ಅದಕ್ಕೆ ಗಟ್ಟಿ ಗ್ರಾಫಿಕ್ಸ್ ಕಾರ್ಡ್ ಬೇಕಂತೆ. ಯಾರೋ ಬಳಸಿ ಬಿಟ್ಟ ಕಾರ್ಡ್ ತಂದು ಕೂರಿಸಿದೆ, ಪರದೆಯೇ ಕಪ್ಪಗಾಯಿತು. ಕಾರ್ಡನ್ನು ನಡೆಸುವ ಡ್ರೈವರ್ ಪ್ರೋಗ್ರಾಂ ಬದಲಿಸಿದೆ, ಪರದೆ ಬಂತು, ಸಾಫ್ಟ್‌ವೇರ್ ಮಾತ್ರ ಕಾರ್ಡೇ ಕಾಣುತ್ತಿಲ್ಲ ಎಂದಿತು. ಮೂರು ದಿನ ಗುದ್ದಾಡಿ ಕಾರ್ಡ್ ಮಾಡಿದವರದೇ ಡ್ರೈವರ್ ಹುಡುಕಿ ಹಾಕಿದ ಮೇಲೆ ಮಹಾರಾಯ ಕಣ್ಣು ಬಿಟ್ಟ. ಕೋಣೆಯಲ್ಲಿ ಒಬ್ಬಳೇ ಚಪ್ಪಾಳೆ ಹೊಡೆದುಕೊಂಡೆ.

ಆಮೇಲೆ ಕೋಡೆಕ್ ರಗಳೆ. ಕ್ಯಾಮೆರಾ ಚಿತ್ರವನ್ನೂ ದನಿಯನ್ನೂ ಒತ್ತಿ ಚಿಕ್ಕದು ಮಾಡಿ ಇಡುತ್ತದೆ; ಹಾಗೆ ಒತ್ತುವ, ಮತ್ತೆ ಬಿಚ್ಚುವ ವಿಧಾನವೇ ಕೋಡೆಕ್. ಆ ಸಾಫ್ಟ್‌ವೇರಿನ ಪುಕ್ಕಟೆ ಲಿನಕ್ಸ್ ಆವೃತ್ತಿಗೆ ನಮ್ಮ ಕ್ಯಾಮೆರಾಗಳ ಎಂಪಿ4 ಫೈಲು ಬಿಚ್ಚಲು ಬರುತ್ತಿರಲಿಲ್ಲ. ಎಲ್ಲವನ್ನೂ ಮೊದಲು ಬೇರೆ ಕೋಡೆಕ್‌ಗೆ ಬದಲಿಸಬೇಕು. ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮ ಬರೆದಿಟ್ಟ ಒಂದು ಸಾಲಿನ ಕಮಾಂಡ್ ಸಿಕ್ಕಿತು. ನಕಲು ಮಾಡಿ ಅಂಟಿಸಿದೆ, ಕೆಲಸ ಮಾಡಿತು. ಏನು ಎತ್ತ ಎಂದು ನೋಡಲಿಲ್ಲ. ಬದಲಿಸಿದ ಫೈಲುಗಳು ಎಷ್ಟೋ ಪಟ್ಟು ದೊಡ್ಡವು, ಡಿಸ್ಕ್ ತುಂಬಿತು. ತಿದ್ದಿಕೊಡಿ ಎಂದು ಯಾರಾದರೂ ಬಂದರೆ ತೆರೆಯುವುದು ಇವನ್ನೇ ತಾನೆ ಎಂದು, ಇವನ್ನು ಇಟ್ಟುಕೊಂಡು ಮೂಲವನ್ನು ಅಳಿಸತೊಡಗಿದೆ. ಭಾರಿ ಬುದ್ಧಿವಂತೆ ನಾನು.

ಕಳೆದ ವರ್ಷ ಒಂದು ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಬಂದಳು. ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು: ಅದಕ್ಕೂ ಎರಡು ವರ್ಷದ ಹಿಂದೆ ಎಡಿಟ್ ಮಾಡಿದ್ದ ಮೆಟ್ರಿ ಊರಿನ ಮದುವೆಯ ಮದುಮಗಳು. ಅವಳು ನನ್ನನ್ನು ನೋಡುತ್ತಿದ್ದುದು ಅದೇ ಮೊದಲು. ಈಗ ಪಾಪಿನಾಯಕನಹಳ್ಳಿಯಲ್ಲಿ ಗಂಡನ ಮನೆ.

"ಅಕ್ಕಾರ, ಅರಿಶಿಣ ಹಚ್ಚುವಾಗ ನಮ್ಮವ್ವ ಸೋಬಾನಿ ಹಾಡಿದ್ಲು. ನೀವು ಅದರ ಮ್ಯಾಲೆ ಸಿನಿಮಾ ಹಾಡು ಹಾಕೀರಿ. ಅದನ್ನ ತೆಗೆದು ಅವ್ವನ ದನಿ ಕೊಡ್ರಿ," ಎಂದಳು.

ಮದುವೆಯಾಗಿ ಆರು ತಿಂಗಳಿಗೆ ಆ ತಾಯಿಗೆ ಗಂಟಲಿನ ಆಪರೇಷನ್ ಆಗಿತ್ತು. ಜೀವ ಉಳಿಯಿತು, ದನಿ ಪೂರಾ ಹೋಯಿತು. ಫೋನಿನಲ್ಲಿ ಯಾರೂ ಹಿಡಿದಿರಲಿಲ್ಲವೇ ಎಂದು ಕೇಳಿದೆ.

"ಎಲ್ಲಾರ ಕೈಯಾಗೂ ಅರಿಶಿಣ ಇತ್ರಿ. ಫೋನ್ ಯಾರು ಮುಟ್ತಾರ?"

"ಐದು ನಿಮಿಷದ ಕೆಲಸ, ಕುಂದ್ರಿ," ಎಂದೆ.

ಆ ದೃಶ್ಯ ತೆರೆದೆ. ಅಂಗಳದಲ್ಲಿ ಹೆಂಗಸರು, ನಡುವೆ ಮಗಳ ಕೆನ್ನೆಗೆ ಅರಿಶಿಣ ಹಚ್ಚುತ್ತಾ ತಾಯಿ ಬಾಯಿ ತೆರೆದು ಹಾಡುತ್ತಿದ್ದಾರೆ. ದನಿ ಇಲ್ಲ. ಸ್ಪೀಕರ್ ಏರಿಸಿದೆ, ಕೇಬಲ್ ಕಿತ್ತು ಮತ್ತೆ ಚುಚ್ಚಿದೆ. ಆಮೇಲೆ ಫೈಲಿನ ವಿವರ ತೆಗೆದು ನೋಡಿದೆ. ಚಿತ್ರ ಒಂದೇ ಇತ್ತು, ದನಿಯ ಜಾಗವೇ ಇರಲಿಲ್ಲ.

"ಮಷೀನ್ ಕೈ ಕೊಟ್ಟೈತಿ. ಮುಂದಿನ ವಾರ ಬರ್ರಿ," ಎಂದೆ.

"ಹಂಗಾರ ಅವ್ವನ್ನೂ ಕರ್ಕೊಂಡು ಬರ್ತೀನಿ. ಅಕಿಯೂ ಕೇಳ್ಲಿ," ಎಂದು ಅವಳು ಎದ್ದಳು.

ಅವಳು ಹೋದ ಮೇಲೆ ಆ ಕಮಾಂಡನ್ನು ಮೊದಲ ಸಲ ಅಕ್ಷರ ಅಕ್ಷರ ಓದಿದೆ. ನಡುವೆ ಒಂದು ಗೀಟು, ಎರಡೇ ಅಕ್ಷರ. ದನಿ ಬೇಡ, ಬಿಟ್ಟುಬಿಡು ಎಂದು ಅದರ ಅರ್ಥ. ಮೂಕ ಚಿತ್ರ ಬೇಕಾದವರಿಗೆ ಯಾರೋ ಬರೆದುಕೊಟ್ಟದ್ದನ್ನು ನಾನು ಕಣ್ಣು ಮುಚ್ಚಿ ಎತ್ತಿಕೊಂಡಿದ್ದೆ. ಬೇರೆ ಮದುವೆ ತೆರೆದೆ, ಮೂಕ. ಇನ್ನೊಂದು, ಅದೂ ಮೂಕ. ಎಣಿಸಿದರೆ ಅರವತ್ತು. ಮಂತ್ರ, ನಗು, ಬೀಗರ ಜಗಳ, ತವರಿನ ಅಳು, ಎಲ್ಲವನ್ನೂ ನಾನೇ ಕೈಯಾರೆ ಅಳಿಸಿದ್ದೆ. ಅರವತ್ತು ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ, ನನಗೂ ಗೊತ್ತಾಗಿರಲಿಲ್ಲ.

ಆ ಮದುವೆ ಹಿಡಿದಿದ್ದ ಕಂಪ್ಲಿಯ ಫೋಟೋಗ್ರಾಫರಿಗೆ ಫೋನ್ ಹಚ್ಚಿ, ಮೂಲ ಇದೆಯೇ ಎಂದು ಕೇಳಿದೆ. "ಆ ಮೆಮೊರಿ ಕಾರ್ಡ್ ಮ್ಯಾಲೆ ಆಮ್ಯಾಲೆ ಎಷ್ಟು ಮದ್ವಿ ಹೊಡದೀನೋ ಅಕ್ಕಾ. ಎಲ್ಲೈತಿ ಇನ್ನಾ?" ಎಂದರು. ಅಳಿಸಿದ್ದನ್ನು ವಾಪಸು ತರುವ ಸಾಫ್ಟ್‌ವೇರುಗಳನ್ನೆಲ್ಲ ಓಡಿಸಿದೆ. ಏನೂ ಸಿಗಲಿಲ್ಲ.

ನಿಜ ಹೇಳುವ ಧೈರ್ಯ ಬರಲಿಲ್ಲ. ಲಿನಕ್ಸಿಗಿಂತ ಹಿಂದಿನ ಹಳೆಯ ಡಿಸ್ಕೊಂದರಲ್ಲಿ ಚೋರನೂರಿನ ಒಂದು ಮದುವೆ ಇತ್ತು. ಈ ತಾಯಿಯ ತುಟಿಯ ಜೊತೆ ಹೊಂದಿಸಿ ನೋಡಿದರೆ, ಅಲ್ಲಿ ಒಬ್ಬ ಹೆಂಗಸು ಹಾಡಿದ್ದೂ ಅದೇ ಸೋಬಾನೆ. ಪದ ಪದವನ್ನು ಈ ತಾಯಿಯ ತುಟಿಗೆ ಕೂರಿಸಿದೆ. ಎಲ್ಲಿ ಎಳೆಯಬೇಕೋ ಎಳೆದೆ, ಎಲ್ಲಿ ಕತ್ತರಿಸಬೇಕೋ ಕತ್ತರಿಸಿದೆ. ಹತ್ತು ವರ್ಷದಲ್ಲಿ ಅಷ್ಟು ಚೊಕ್ಕ ಕೆಲಸ ನಾನು ಮಾಡಿದ್ದಿಲ್ಲ. ಮಗಳು ಮೊದಲ ಸಾಲಿಗೇ ಹಿಡಿಯುತ್ತಾಳೆ, ಆಗ ಕಾಲು ಹಿಡಿದು ಎಲ್ಲ ಹೇಳಿಬಿಡೋಣ ಎಂದುಕೊಂಡೆ.

ಇಬ್ಬರೂ ಬಂದರು. ತಾಯಿ ಕುತ್ತಿಗೆಗೆ ಹತ್ತಿಯ ವಸ್ತ್ರ ಸುತ್ತಿಕೊಂಡಿದ್ದರು, ಕೈಯಲ್ಲಿ ಬರೆದು ತೋರಿಸಲು ಚಿಕ್ಕ ನೋಟ್‌ಬುಕ್ಕು. ಪರದೆಯ ಎದುರು ಕೂರಿಸಿ ಹಾಡು ಬಿಟ್ಟೆ.

ಮೊದಲ ಸಾಲಿಗೇ ತಾಯಿ ಬೆಚ್ಚಿ ನನ್ನ ಕಡೆ ತಿರುಗಿದರು. ಮಗಳು ಮಾತ್ರ ಗಳಗಳ ಅಳುತ್ತಿದ್ದಳು. "ಕೇಳವ್ವಾ, ನಿನ್ನ ದನಿ. ಹಿಂಗ ಇತ್ತು ನೋಡು," ಎಂದು ತಾಯಿಯ ಕೈ ಹಿಡಿದುಕೊಂಡಳು.

ಮಗಳಿಗೆ ತಾಯಿಯ ದನಿ ಮರೆತುಹೋಗಿತ್ತು. ಫೈಲು ಮೂಕವಾಗಿದೆ ಎಂದು ತಿಳಿದಾಗಲೂ ನನ್ನ ಜೀವ ಹಾಗೆ ಹಾರಿರಲಿಲ್ಲ. ತಾಯಿ ಪರದೆಯನ್ನು ನೋಡಿದರು, ಮಗಳ ಮುಖ ನೋಡಿದರು. ಆಮೇಲೆ ಹೌದು ಎಂದು ನಿಧಾನಕ್ಕೆ ತಲೆಯಾಡಿಸಿದರು.

ಪೆನ್‌ಡ್ರೈವ್ ಸೆರಗಿನಲ್ಲಿ ಕಟ್ಟಿಕೊಂಡು ಮಗಳು ಆಟೋ ಕರೆಯಲು ಮುಂದೆ ಹೋದಳು. ತಾಯಿ ಬಾಗಿಲಲ್ಲಿ ನಿಂತು ನೋಟ್‌ಬುಕ್ಕಿನಲ್ಲಿ ಬರೆದು ನನ್ನ ಮುಂದೆ ಹಿಡಿದರು: "ಯಾರ ದನಿ ಇದು? ಭಾಳ ಚಲೋ ಹಾಡ್ಯಾಳ."

"ಚೋರನೂರಿನವರು. ಹೆಸರು ಗೊತ್ತಿಲ್ರಿ," ಎಂದೆ.

ಅವರು ಆ ಹಾಳೆಯನ್ನು ಹರಿದು, ಮಡಚಿ ನನ್ನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು. ಮಗಳು ಆಟೋದಿಂದ ಕೂಗುತ್ತಿದ್ದಳು, ಹೋದರು.