ಅತ್ತೆ ತುಳಿದ ಉಣ್ಣೆ ಚೀಲ

ನನ್ನ ಅತ್ತೆಯ ಮನೆಯಲ್ಲಿ ಒಂದು ಕಾನೂನಿತ್ತು. ಸೊಸೆ ತವರಿಗೆ ಹೊರಟಾಗ ಚೀಲದಲ್ಲಿ ಎಷ್ಟು ಸೀರೆ ಹಿಡಿಸುತ್ತವೋ ಅಷ್ಟೇ ದಿನ ಅಲ್ಲಿರಬೇಕು. ತವರಿನ ಸೀರೆ ಉಟ್ಟು ದಿನ ತಳ್ಳಿದರೆ, ಗಂಡನ ಮನೆಯಲ್ಲಿ ಬಟ್ಟೆಗೂ ಗತಿಯಿಲ್ಲ ಎಂದು ಜನ ಆಡಿಕೊಳ್ಳುತ್ತಾರಂತೆ. ಈ ಕಾನೂನು ಮಾಡಿದವರು ಯಾರು ಎಂದು ಕೇಳಿದರೆ ಹಿಂದಿನವರು ಎನ್ನುತ್ತಿದ್ದರು. ಹಿಂದಿನವರೆಂದರೆ ಅತ್ತೆಯೇ ಎಂಬುದು ಮದುವೆಯಾದ ವಾರದಲ್ಲೇ ನನಗೆ ಗೊತ್ತಾಗಿತ್ತು.

ನನ್ನ ತವರು ಯಳಂದೂರು, ಗಂಡನ ಮನೆ ಮುಳ್ಳೂರು. ಬೆಳಿಗ್ಗೆ ಗಾಡಿ ಕಟ್ಟಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ದಾರಿ. ಆದರೆ ಆಗ ಮುಳ್ಳೂರೂ ಸೇರಿ ಕೊಳ್ಳೇಗಾಲದ ಕಡೆಯೆಲ್ಲ ಮದರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಅತ್ತೆಗೆ ಅಷ್ಟು ಸಾಕಾಗಿತ್ತು. ನಾನು ತವರಿನ ಹೆಸರೆತ್ತಿದರೆ ಸೊಸೆಯನ್ನು ಹಡಗು ಹತ್ತಿಸುವವರ ಹಾಗೆ ಮುಖ ಮಾಡುತ್ತಿದ್ದರು.

ಮದುವೆಯ ನಂತರದ ಮೊದಲ ಗೌರಿ ಹಬ್ಬ ಹತ್ತಿರ ಬಂತು. ಕರೆದೊಯ್ಯಲು ಗಾಡಿ ಕಳಿಸುತ್ತೇನೆಂದು ಅವ್ವ ಹೇಳಿಕಳಿಸಿದಳು. ನನಗೆ ತಿಂಗಳಾದರೂ ಇರುವಾಸೆ. ಅವ್ವನ ಪಕ್ಕ ಮಲಗಬೇಕು, ಬಿಸಿಲೇರುವವರೆಗೆ ಯಾರೂ ಎಬ್ಬಿಸಬಾರದು, ಇಷ್ಟೇ. ಮನೆಯಲ್ಲಿದ್ದದ್ದು ಮಾವನವರ ಸಂತೆಯ ಕೈಚೀಲ. ಮೂರು ಸೀರೆ ತುರುಕಿದರೆ ಬಾಯಿ ಬಿಡುತ್ತಿತ್ತು. ಕಾನೂನು ಚೀಲದ್ದು ತಾನೇ, ಚೀಲವನ್ನೇ ದೊಡ್ಡದು ಮಾಡೋಣ ಎಂದುಕೊಂಡೆ.

ಸ್ಕೂಲಿನಲ್ಲಿ ಕ್ರೋಷಾ ಕಲಿತಿದ್ದೆ. ಹಾಲಿನ ಲೋಟಕ್ಕೆ ಮಣಿ ಕಟ್ಟಿದ ಮುಚ್ಚಳ ಹೆಣೆದದ್ದೇ ನನ್ನ ದೊಡ್ಡ ಸಾಧನೆ. ಕುರುಬರ ಮನೆಯಿಂದ ಕಂಬಳಿಗೆಂದು ತೆಗೆದಿಟ್ಟ ಕರಿ ಉಣ್ಣೆಯ ನೂಲು ತಂದೆ. ಆ ದಪ್ಪಕ್ಕೆ ನನ್ನ ಕಡ್ಡಿ ಸಾಲದೆ, ಯಜಮಾನರು ಬಿದಿರು ಕೆತ್ತಿ ಕೊಕ್ಕೆ ಮಾಡಿಕೊಟ್ಟರು. ನಡುಮನೆಯ ನೆಲದ ಮೇಲೆ ಸೀರೆಗಳನ್ನು ಮಡಿಚಿ ಜೋಡಿಸಿ, ಸುತ್ತ ರಂಗೋಲಿಯ ಗೆರೆ ಎಳೆದು ಚೀಲದ ನಕ್ಷೆ ಹಾಕಿದೆ. ಮಾವನವರು ಅದನ್ನು ಬಳಸಿಕೊಂಡು ಹೋಗುತ್ತಾ, ಒಳಗೆ ಕರು ಕಟ್ಟುತ್ತೀಯೋ ಎಮ್ಮೆಯನ್ನೋ ಎಂದು ಕೇಳಿದರು. ಅತ್ತೆ ಮಾತ್ರ ಸೀರೆಗಳ ರಾಶಿಯನ್ನು ಕಣ್ಣಲ್ಲೇ ಅಳೆದು ಒಳಗೆ ಹೋದರು.

ಹೆಣೆದು ಮುಗಿಸಿದಾಗ ಕಂಡದ್ದು ತೂತು. ಮಾವನವರು ಚೀಲವನ್ನು ಮುಖಕ್ಕೆ ಹಿಡಿದು ಅದರೊಳಗಿಂದಲೇ ನನ್ನನ್ನು ನೋಡಿದರು. ಇದರಲ್ಲಿ ಮೀನು ಹಿಡಿಯಬಹುದು, ನಾವು ತಿನ್ನದ ಜನ, ಏನು ಮಾಡೋದು ಎಂದು ಮರುಗಿದರು. ಸೀರೆ ತುಂಬಿ ಹೆಗಲಿಗೆ ಹಾಕಿದರೆ ತಳ ಜಗ್ಗಿ ನನ್ನ ಮೊಣಕಾಲು ದಾಟಿತು. ಕಂಬಳಿಯವರು ನೆಯ್ದದ್ದನ್ನು ಬಿಸಿನೀರಲ್ಲಿ ನೆನೆಸಿ ತುಳಿಯುತ್ತಾರೆ, ಆಗ ಎಳೆಗಳು ಒಂದಕ್ಕೊಂದು ಅಂಟಿ ತೂತು ಮುಚ್ಚುತ್ತದೆ, ಕುಗ್ಗುತ್ತದೆಂದೇ ಒಂದು ಗೇಣು ಹೆಚ್ಚಿಗೆ ಹೆಣೆದಿದ್ದೇನೆ ಎಂದು ನಾನು ಜಾಣತನ ಮೆರೆದೆ.

ಅಷ್ಟು ದಿನ ಸುಮ್ಮನಿದ್ದ ಅತ್ತೆ ತಲೆಯೆತ್ತಿದರು.

"ತುಳುದ್ರೆ ಚಿಕ್ಕದಾಯ್ತದಾ?"

"ತುಳಿದಷ್ಟೂ ಆಗುತ್ತೆ ಅತ್ತೆ" ಎಂದೆ. ಪೆದ್ದಿ ನಾನು.

"ನೀರ್ ಕಾಯ್ಸು. ನಾನೇ ತುಳೀತೀನಿ."

ಮಂಡಿನೋವೆಂದು ಹೊಸ್ತಿಲು ದಾಟಲೂ ಗೋಡೆ ಹಿಡಿಯುತ್ತಿದ್ದ ಹೆಂಗಸು ಸೆರಗು ಸಿಕ್ಕಿಸಿ, ಸೀರೆ ಎತ್ತಿ ಕಟ್ಟಿ ಬಟ್ಟೆ ಒಗೆಯುವ ಕಲ್ಲು ಹತ್ತಿದರು. ನಾನು ಬಿಸಿನೀರು, ಅಂಟುವಾಳದ ನೊರೆ ಹೊಯ್ಯುತ್ತಿದ್ದರೆ ಅವರು ತುಳಿದೇ ತುಳಿದರು. ತೂತು ಮುಚ್ಚಿತು, ಸಾಕು ಎಂದೆ. ಇಲ್ಲೊಂದು ಉಳಿದಿದೆ ಎಂದು ಹಿಮ್ಮಡಿ ಊರಿದರು. ಪಕ್ಕದ ಮನೆಯವರು ಬೇಲಿಯ ಹತ್ತಿರ ನೋಡುತ್ತಾ ನಿಂತರು. ಚೀಲ ಕುಗ್ಗಿದಂತೆಲ್ಲ ಕಣ್ಣೆದುರೇ ತವರಿನ ಒಂದು ವಾರ ಹೋಯಿತು, ಇನ್ನೊಂದು ವಾರ ಹೋಯಿತು. ನನ್ನ ತಿಂಗಳು ಅವರ ಪಾದದಡಿ ಕರಗುತ್ತಿತ್ತು. ತಡೆಯಲಾರದೆ ಒಂದು ತುದಿ ಹಿಡಿದು ಎಳೆದೆ. ಅವರು ಕಲ್ಲಿನಿಂದ ಇಳಿಯಲಿಲ್ಲ.

ಒಣಗಿದ ಮೇಲೆ ಚೀಲ ಕಂಬಳಿಯಷ್ಟೇ ಗಟ್ಟಿಯಾಗಿತ್ತು, ನೀರು ಹೊಯ್ದರೂ ನಿಲ್ಲುತ್ತಿತ್ತು. ಹಿಡಿಸಿದ್ದು ಎರಡು ಸೀರೆ. ಎಷ್ಟು ಲಕ್ಷಣವಾಗಿದೆ ಎಂದು ಅತ್ತೆ ಅದನ್ನು ತಟ್ಟಿ ತಟ್ಟಿ ನೋಡಿದರು. ನನಗೆ ಎಂಥ ಸಿಟ್ಟು ಬಂತೆಂದರೆ ಆ ದಿನ ಊಟ ಮಾಡಲಿಲ್ಲ.

ಆ ಎರಡು ಸೀರೆಯಲ್ಲೇ ಹಬ್ಬಕ್ಕೆ ಹೋದೆ. ಹಬ್ಬ ಕಳೆದು ಹೊರಡುವ ದಿನ ಮಧ್ಯಾಹ್ನ ಮುಖ ಊದಿಸಿಕೊಂಡು ಚೀಲ ತುಂಬುತ್ತಿದ್ದಾಗ ಬಾಗಿಲಲ್ಲಿ ಗಾಡಿ ನಿಂತಿತು. ಇಳಿದವರು ಅತ್ತೆ. ಒಂದು ದಿನವೂ ತಡೆಯಲಾರದೆ ಹಿಡಿದೊಯ್ಯಲು ಬಂದರಲ್ಲ ಎಂದು ಚೀಲದ ಬಾಯಿ ಬಿಗಿದೆ. ಅವರು ಜಮಖಾನೆಯ ದೊಡ್ಡ ಗಂಟೊಂದನ್ನು ಜಗಲಿಗೆ ದೊಪ್ಪನೆ ಹಾಕಿ ಬಿಚ್ಚಿದರು. ಒಳಗೆ ನನ್ನ ಸೀರೆಗಳೆಲ್ಲ ಇದ್ದವು.

"ಎಷ್ಟ್ ದಿನ್ವಾರ ಇರು ಕೂಸೇ. ನೀನಿಲ್ದೆ ಮನೆ ಬಿಕೋ ಅಂತದೆ. ನಿಮ್ಮಾವ ಮಾತಾಡದು ಎತ್ತಿನ್ ಜೊತೇಲಿ."

ಸೀರೆಗಳನ್ನು ಎತ್ತಿಡುತ್ತಾ ಹೋದೆ. ಅಡಿಯಲ್ಲಿದ್ದವು ನನ್ನವಲ್ಲ, ಅವರವು. ಅತ್ತೆ ನನ್ನ ಮುಖ ನೋಡದೆ ಅವ್ವನಿಗೆ ಹೇಳಿದರು.

"ನನ್ ತೌರು ಶಾಗ್ಯದಲ್ಲಿ ನಮ್ಮವ್ವ ತೀರೋದ್ ಮ್ಯಾಲೆ ನನ್ನ ಯಾರೂ ಅಬ್ಬಕ್ಕೆ ಕರೀನಿಲ್ಲ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವ್ವ ಒಳಗೆ ಹೋಗಿ ಎಣ್ಣೆ ಬಿಸಿ ಮಾಡಿ ತಂದಳು, ಮಣೆ ಹಾಕಿದಳು. ಮೊದಲು ಕೂಸಿಗೆ ಹಚ್ಚಿ ಎಂದು ಅತ್ತೆ ಹಿಂಜರಿದರು. ಅವ್ವ ಅವರ ಹೆಗಲು ಅದುಮಿ ಕೂರಿಸಿದಳು. ನೆತ್ತಿಗೆ ಕೈ ಬಿದ್ದದ್ದೇ ತಡ, ಅತ್ತೆಯ ಕಣ್ಣಲ್ಲಿ ನೀರು ಧಾರಾಕಾರವಾಗಿ ಸುರಿಯಿತು. ಕಣ್ಣಿಗೆ ಎಣ್ಣೆ ಹೋಯಿತು, ನೋಡಿ ಹಚ್ಚಬಾರದಾ ಎಂದು ನನ್ನನ್ನು ಗದರಿದರು. ನಾನು ಅವರ ಎದುರಿಗೆ, ಕೈ ಕಟ್ಟಿಕೊಂಡು ಕೂತಿದ್ದೆ.