ಬಾವನನ್ನು ಔಟ್ ಮಾಡಿದ ವರ್ಷ

ನಮ್ಮ ಬಾವ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮನಸ್ಸು ಬರುವುದಿಲ್ಲ. ಅಕ್ಕನನ್ನು ಚೆನ್ನಾಗಿ ನೋಡಿಕೊಂಡಿದ್ದಾನೆ. ನಮ್ಮಪ್ಪ ತೀರಿಹೋದಾಗ ತಿಥಿ ಮುಗಿಯುವವರೆಗೆ ನಮ್ಮ ಹಟ್ಟಿಯಲ್ಲೇ ಇದ್ದು ನೀರು ಸೇದಿದ್ದಾನೆ, ಸೌದೆ ಒಡೆದಿದ್ದಾನೆ. ಎದುರಿಗೆ ನಾನು ಅವನನ್ನು ಬಹುವಚನದಲ್ಲೇ ಮಾತಾಡಿಸುವುದು. ಆದರೆ ಆ ಒಂದು ವರ್ಷ ಮನಸ್ಸಿನೊಳಗೆ ಏಕವಚನ ಬಿಟ್ಟು ಬೇರೇನೂ ಬರಲಿಲ್ಲ. ಇಲ್ಲೂ ಹಾಗೇ ಬರೆಯುತ್ತೇನೆ, ದೊಡ್ಡವರು ಕ್ಷಮಿಸಬೇಕು.

ನಮ್ಮೂರು ಕೂಟಗಲ್ ಕಡೆ, ಅವರೂರು ಮಾಗಡಿ ಕಡೆ. ಬೈಕಿನಲ್ಲಿ ಅರ್ಧ ಗಂಟೆ ದಾರಿ. ಎರಡೂರಿಗೂ ಹೆಣ್ಣು ಕೊಟ್ಟು ತರುವ ನಂಟು ತಲೆತಲಾಂತರದ್ದು. ಅವರ ಟೀಮಿನಲ್ಲಿ ಅರ್ಧ ಜನ ನಮ್ಮೂರ ಅಳಿಯಂದಿರೇ ಆದ್ದರಿಂದ ಫೀಲ್ಡಿನಲ್ಲಿ ಬೈಗುಳವೂ ನೆಂಟಸ್ತಿಕೆ ಹಿಡಿದೇ ಬರುತ್ತದೆ. ಸುತ್ತಲಿನ ಊರುಗಳ ಕ್ಲಬ್ಬುಗಳೆಲ್ಲ ಸೇರಿ ಟೆನಿಸ್ ಬಾಲಿನಲ್ಲಿ ಟೂರ್ನಮೆಂಟು ಆಡುತ್ತೇವೆ, ಗೆದ್ದವರಿಗೆ ಒಂದು ಟಗರು. ಅವರ ಕ್ಲಬ್ಬಿಗೆ ಬಾವ ಕ್ಯಾಪ್ಟನ್ನು. ನಮ್ಮ ಕ್ಲಬ್ಬಿಗೆ ನಾನು ಕ್ಯಾಪ್ಟನ್ನೂ ಹೌದು, ಕೀಪರೂ ಹೌದು.

ಯುಗಾದಿಗೆ ಒಂದು ವಾರ ಇರುವಾಗ ಅವರೂರಿನಲ್ಲಿ ಫೈನಲ್ ನಡೆಯಿತು. ಕೊನೇ ಬಾಲಿಗೆ ಐದು ರನ್ನು ಬೇಕಿತ್ತು, ನನ್ನ ಕೈಯಲ್ಲಿ ಬ್ಯಾಟಿತ್ತು. ಬಂದ ಬಾಲನ್ನು ಎತ್ತಿ ಬಿಟ್ಟೆ. ಅದು ತೆಂಗಿನ ಮರ ದಾಟಿ ಹಿಪ್ಪುನೇರಳೆ ತೋಟಕ್ಕೆ ಹೋಗಿ ಬಿತ್ತು. ಅದು ಅಕ್ಕನದೇ ತೋಟ. ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯುತ್ತಿದ್ದ ಅಕ್ಕ ಬಾಲನ್ನು ಮೇಲಕ್ಕೆ ಹಿಡಿದು, "ನನ್ ತಮ್ಮ ಹೊಡ್ದಿದ್ದು ಕಣ್ರೋ!" ಎಂದು ಕೂಗಿದಳು. ನಮ್ಮ ಹುಡುಗರು ಆಗಲೇ ಟಗರಿನ ಹಗ್ಗಕ್ಕೆ ಕೈ ಹಾಕಿದ್ದರು.

ಬಾವ ನಿಧಾನವಾಗಿ ನಡೆದು ಬಂದ. ಊಟಕ್ಕೆ ಏಳು ಎನ್ನುವವನ ದನಿಯಲ್ಲಿ, "ಔಟು ಬಾಮೈದ" ಎಂದ.

"ಏನು ಬಾವ?"

"ಸೊಪ್ಪಿನ್ ತೋಟಕ್ಕೆ ಬಿದ್ರೆ ಔಟು. ನಮ್ಮೂರ ರೂಲ್ಸು."

"ಮೊದ್ಲೇ ಯಾಕ್ ಹೇಳ್ಲಿಲ್ಲ?"

"ನೀನ್ ಕೇಳ್ಲಿಲ್ಲ."

ಅಷ್ಟೇ. ಆ ಮೂರು ಮಾತಿಗೆ ಟಗರು ಹೋಯಿತು. ರೂಲ್ಸು ಸುಳ್ಳೇನಲ್ಲ ಎಂದು ಆಮೇಲೆ ಗೊತ್ತಾಯಿತು. ಬಾಲು ಹುಡುಕಲು ನುಗ್ಗಿದವರ ಕಾಲಿಗೆ ಮಣ್ಣೆದ್ದು ಸೊಪ್ಪಿನ ಮೇಲೆ ಕೂರುತ್ತದೆ, ಆ ಸೊಪ್ಪು ತಿಂದ ಹುಳ ಕೆಡುತ್ತದೆ. ಹಾಗಾಗಿ ಅವರೂರಲ್ಲಿ ಮೊದಲಿನಿಂದಲೂ ಹಾಗೇ ಆಡುವುದಂತೆ. ಮೋಸ ಅಲ್ಲ ಎಂದು ತಿಳಿದ ಮೇಲೆ ನನ್ನ ಹೊಟ್ಟೆ ಇನ್ನೂ ಉರಿಯಿತು. ಮೋಸ ಆಗಿದ್ದರೆ ಊರೂರಿಗೆ ಹೇಳಿಕೊಂಡು ತಿರುಗಬಹುದಿತ್ತು. "ನೀನ್ ಕೇಳ್ಲಿಲ್ಲ" ಎನ್ನುವಾಗ ಬಾವನ ಮೀಸೆಯ ತುದಿ ಒಂದು ಕೂದಲಿನಷ್ಟು ಮೇಲಕ್ಕೆ ಹೋಗಿತ್ತು. ಅದು ನನ್ನ ಕಣ್ಣಿಗೆ ಕಟ್ಟಿಕೊಂಡು ಕೂತಿತು.

ಸಾಲದು ಎಂಬಂತೆ, ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಅವರು ಆ ಟಗರನ್ನು ಕುಯ್ದು, ನಮ್ಮ ಮನೆಗೆ ಒಂದು ಕ್ಯಾರಿಯರ್ ಸಾರು ಕಳಿಸಿದರು. ನಮ್ಮವ್ವ ಅದಕ್ಕೆ ಮುದ್ದೆ ಮುರಿದು ಉಂಡು, "ಖಾರ ಸರ್ಯಾಗ್ ಹಿಡ್ದೈತೆ" ಎಂದಳು. ನಾನು ಆವತ್ತು ಬರೀ ಮಜ್ಜಿಗೆಯಲ್ಲಿ ಉಂಡೆ.

ಟಗರು ಯಾರಿಗೆ ಬೇಕಿತ್ತು? ಅವನನ್ನು ಅವನಿಗೆ ಗೊತ್ತಿಲ್ಲದ ರೂಲ್ಸಿನಲ್ಲಿ ಔಟ್ ಮಾಡಬೇಕು. "ಮೊದ್ಲೇ ಯಾಕ್ ಹೇಳ್ಲಿಲ್ಲ" ಎಂದು ಅವನು ಕೇಳಬೇಕು. "ನೀವ್ ಕೇಳ್ಲಿಲ್ಲ" ಎಂದು ನಾನು ಹೇಳಬೇಕು. ಆಗ ಅವನ ಮುಖ ಹೇಗಾಗುತ್ತದೆ ಎಂದು ನಾನು ನೋಡಬೇಕು. ಮುಂದಿನ ಫೈನಲ್ಲು ಸಂಕ್ರಾಂತಿ ಹೊತ್ತಿಗೆ, ನಮ್ಮೂರಿನ ಗೋಮಾಳದಲ್ಲಿ. ಅವರು ಫೈನಲ್ಲಿಗೆ ಬರುತ್ತಾರೆ ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಬರಲಪ್ಪಾ ಎಂದು ಕೆಂಗಲ್ ಆಂಜನೇಯನಿಗೆ ಕೈ ಮುಗಿದೂ ಬಂದೆ. ಎದುರಾಳಿ ಗೆದ್ದುಕೊಂಡು ಬರಲಿ ಎಂದು ಬೇಡಿಕೊಂಡ ಕ್ಯಾಪ್ಟನ್ನು ನಾನೊಬ್ಬನೇ ಇರಬೇಕು.

ದಾರಿ ತೋರಿಸಿದವನು ನಮ್ಮ ಬೌಲರು. ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆ ಗೂಡಿನ ಚೀಲ ಹೊಡೆಯುವ ಆಟೋದವನು. "ನಿಮ್ ಬಾವುನ್ ಬ್ಯಾಟು ಒಂದೇ ಕಡಿಕೆ ತಿರುಗೋದು ಕಣ್ಲಾ" ಎಂದ. "ಮೆದೆ ಮ್ಯಾಕೆ ಹುಲ್ಲೆಸ್ದಂಗೆ, ಬರೀ ಮೂಡ್ಲಾಗೇ ಎಸೀತಾನೆ." ಹೌದಲ್ಲ! ನಮ್ಮಲ್ಲಿ ಓವರು ಮುಗಿದರೂ ತುದಿ ಬದಲಿಸುವುದಿಲ್ಲ, ಬ್ಯಾಟಿಂಗ್ ಯಾವಾಗಲೂ ಒಂದೇ ತುದಿಯಿಂದ. ಆದರೆ ನಮ್ಮ ಗೋಮಾಳದ ಮೂಡಲಿಗೆ ತೋಟವಿಲ್ಲ, ಬಾವಿಯಿಲ್ಲ, ಬರೀ ಬಯಲು. ಅಲ್ಲಿ ಏನಾದರೂ ಇರಬೇಕು. ಬಿದ್ದರೆ ಔಟ್ ಎನ್ನಲು ಯೋಗ್ಯವಾದದ್ದು ಏನಾದರೂ.

ಈಗ ಎಲ್ಲರೂ ರಾಗಿ ತೆನೆಯನ್ನು ಟಾರು ರಸ್ತೆಗೆ ಹಾಸಿಬಿಡುತ್ತಾರೆ, ಬಸ್ಸು ಲಾರಿಗಳೇ ತುಳಿದು ಕೊಡುತ್ತವೆ. ನಮ್ಮೂರಲ್ಲಿ ಇನ್ನೂ ಕಣ ಮಾಡಿ ರಾಗಿ ಬಡಿಯುವವನು ನಮ್ಮ ದೊಡ್ಡಪ್ಪ ಒಬ್ಬನೇ. ರಸ್ತೆ ರಾಗಿಯಲ್ಲಿ ಡೀಸಲ್ ವಾಸನೆ ಬರುತ್ತದೆ ಎಂದು ಅವನ ಹಟ. ಗೋಮಾಳದ ಪಡುವಲಿಗೆ, ಬಂಡೆಯ ಮಗ್ಗುಲಲ್ಲಿ ಅವನ ಕಣ. ಕಣ ಅಂದರೆ ದೇವರ ಜಾಗ. ಮೆಟ್ಟು ಹಾಕಿಕೊಂಡು ಯಾರೂ ಕಾಲಿಡುವಂತಿಲ್ಲ. ಅಂಥ ಜಾಗಕ್ಕೆ ಬಾಲು ಹೊಡೆದವನು ಔಟ್ ಎಂದರೆ ಯಾರು ತಾನೇ ತಪ್ಪು ಎಂದಾರು? ಆದರೆ ಕಣ ಪಡುವಲಿಂದ ಮೂಡಲಿಗೆ ಬರಬೇಕು.

"ಯಾಕ್ಲಾ?" ಎಂದ ದೊಡ್ಡಪ್ಪ.

"ಆ ಕಡೆ ಗಾಳಿ ಚೆನ್ನಾಗೈತೆ ದೊಡ್ಡಪ್ಪ, ತೂರಕ್ಕೆ ಸಲೀಸು."

"ಗಾಳಿ ಮ್ಯಾಲೆ ಯಾವತ್ತಿಂದ ನಿಂಗೆ ಇಷ್ಟ್ ಪ್ರೀತಿ?" ಎಂದು ನನ್ನನ್ನೇ ನೋಡಿದ. ಆಮೇಲೆ, "ಕುಯ್ಯಕೆ ಆಳಿಲ್ಲ. ನಿಮ್ ಹನ್ನೊಂದ್ ಜನವೂ ಬಂದ್ ಕುಯ್ದ್ ಕೊಟ್ರೆ, ಕಣ ಎಲ್ಲಿಗ್ ಬೇಕಾದ್ರೂ ಹೊತ್ಕಂಡ್ ಹೋಗ್ರಲಾ."

ಒಪ್ಪಿಕೊಂಡೆವು. ರೂಲ್ಸನ್ನೂ ನಾವು ಕದ್ದು ಮಾಡಲಿಲ್ಲ. ಮಾವಿನ ಕಾಯಿ ಲೋಡು ಮುಗಿದ ಮೇಲೆ ಒಂದು ಭಾನುವಾರ ಹನ್ನೊಂದು ಜನವೂ ಹೊಂಗೆ ಮರದ ಕೆಳಗೆ ಕೂತು, ಕೈಯೆತ್ತಿ, "ಕಣಕ್ಕೆ ಬಿದ್ದರೆ ಔಟ್" ಎಂದು ಸ್ಕೋರು ಪುಸ್ತಕದ ಮೊದಲನೇ ಹಾಳೆಯಲ್ಲಿ ಬರೆದು ಸೈನು ಹಾಕಿದೆವು. ಹೆಂಡತಿಗೂ ಹೇಳಕೂಡದು ಎಂದು ಮಾತಾಯಿತು. ಆಗ ಆಟೋದವನು ತಲೆ ಕೆರೆದುಕೊಂಡು, "ಲೇ, ನಾವೂ ಮೂಡ್ಲಾಗೇ ಹೊಡಿಯೋರಲ್ವೇನ್ಲಾ?" ಎಂದ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕುಡುಗೋಲು, ಕೊಡಲಿ ಹಿಡಿದು ಬೆಳೆದ ಕೈಗಳು ನಮ್ಮವು, ಎಲ್ಲವೂ ಒಂದೇ ಕಡೆ ಬೀಸುವಂಥವು. ಮಳೆಗಾಲವೆಲ್ಲ ಆ ಕೈಗಳನ್ನು ಪಡುವಲಿಗೆ ತಿರುಗಿಸುವುದರಲ್ಲೇ ಕಳೆಯಿತು. ಪ್ರಾಕ್ಟೀಸಿನಲ್ಲಿ ಮೂಡಲಿಗೆ ಹೊಡೆದವನು ಅವತ್ತು ದೊಡ್ಡಪ್ಪನ ಕುರಿ ರೊಪ್ಪದ ಹಿಕ್ಕೆ ಬಳಿಯಬೇಕು. ಮೊದಲ ತಿಂಗಳು ರೊಪ್ಪ ಕನ್ನಡಿಯಂತಿತ್ತು. ನಾನೇ ಒಂಬತ್ತು ಸಲ ಬಳಿದೆ. ಬಳಿಯುವಾಗ ಪ್ರತಿ ಸಲ ಮೀಸೆಯ ಆ ತುದಿಯನ್ನು ನೆನೆಸಿಕೊಳ್ಳುತ್ತಿದ್ದೆ. ಬೇಸರವೇ ಆಗುತ್ತಿರಲಿಲ್ಲ.

ಗೌರಿ ಹಬ್ಬಕ್ಕೆ ಅಕ್ಕ ತವರಿಗೆ ಬಂದಳು. ಬಾಗಿನ ಕೊಟ್ಟು ಕಾಲಿಗೆ ಬಿದ್ದೆ. ಸಾಯಂಕಾಲ ಗೋಮಾಳದ ಕಡೆ ಬಂದವಳು ಹುಡುಗರ ಆಟ ನೋಡುತ್ತ ನಿಂತು, "ಏನ್ಲಾ ಮಗ, ಎಲ್ಲಾ ಆ ಕಡಿಕೇ ಹೊಡೀತವ್ರೆ? ಈ ಕಡಿಕೇನಾಗೈತೆ?" ಎಂದಳು.

"ಈ ಕಡೆ ಹಾವಿನ್ ಹುತ್ತ ಎದ್ದೈತಕ್ಕ" ಎಂದುಬಿಟ್ಟೆ.

ಹೇಳಬಾರದಿತ್ತು. ಮಾರನೆಯ ಬೆಳಗ್ಗೆ ಅಕ್ಕ ಮಡಿ ಉಟ್ಟು, ಹಾಲು, ಅರಿಶಿನ, ಹೂವು ಹಿಡಿದು, "ಎಲ್ಲೈತೆ ತೋರ್ಸು" ಎಂದು ಹೊರಟಳು. ಬಯಲಿನಲ್ಲೆಲ್ಲ ಹುಡುಕಿ, ಪೈಪ್ ಹೂಳಲು ತೋಡಿ ಬಿಟ್ಟಿದ್ದ ಒಂದು ಮಣ್ಣಿನ ಗುಡ್ಡೆ ತೋರಿಸಿದೆ. ಅಕ್ಕ ಅದಕ್ಕೆ ಹಾಲೆರೆದಳು. "ನನ್ ತಮ್ಮನ ಕಾಲಿಗೆ ಏನೂ ಆಗ್ದಂಗ್ ನೋಡ್ಕಳಪ್ಪ ನಾಗಪ್ಪ" ಎಂದು ಗಟ್ಟಿಯಾಗಿ ಕೇಳಿಕೊಂಡು ಗುಡ್ಡೆಗೆ ಹಣೆ ಮುಟ್ಟಿಸಿದಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಆ ಸಾರಿನ ಕ್ಯಾರಿಯರ್ ನೆನಪಾಯಿತು. ಬಾಯಿ ಮುಚ್ಚಿಕೊಂಡು ನಾನೂ ಆ ಗುಡ್ಡೆಗೆ ಅಡ್ಡ ಬಿದ್ದೆ.

ದೀಪಾವಳಿ ಕಳೆದು ರಾಗಿ ಕುಯಿಲು ಬಂತು. ಹನ್ನೊಂದು ಜನವೂ ದೊಡ್ಡಪ್ಪನ ಹೊಲಕ್ಕಿಳಿದೆವು. ಕುಯ್ದೆವು, ಹೊರೆ ಕಟ್ಟಿದೆವು, ಮೆದೆ ಒಟ್ಟಿದೆವು. ಮೂಡಲಲ್ಲಿ ನೆಲ ಕೆತ್ತಿ, ನೀರು ಚಿಮುಕಿಸಿ, ದಿಮ್ಮಿಸಿ, ಸಗಣಿ ಸಾರಿಸಿದೆವು. ಎಷ್ಟು ಅಗಲ, ಎಷ್ಟು ದೂರ ಎಂದು ನಾನು ಬ್ಯಾಟು ಹಿಡಿದು ನಿಂತು, ಬಾವನಂತೆ ಬೀಸಿ ಬೀಸಿ, ಬಾಲು ಬಿದ್ದ ಕಡೆಯೆಲ್ಲ ಗೂಟ ಹೊಡೆಸಿದೆ. "ಇಷ್ಟ್ ದೊಡ್ ಕಣ ನಮ್ ತಾತನ ಕಾಲ್ದಲ್ಲೂ ಇರ್ಲಿಲ್ಲ" ಎಂದು ದೊಡ್ಡಪ್ಪ ಕಣ್ಣೊರೆಸಿಕೊಂಡ.

ಫೈನಲ್ಲಿನ ದಿನ ಅವರು ಎರಡು ಟೆಂಪೋದಲ್ಲಿ ಬಂದರು. ಕಣದಲ್ಲಿ ದೊಡ್ಡಪ್ಪ ರಾಗಿ ತೂರುತ್ತಿದ್ದ, ರಾಶಿ ಆಗಲೇ ಎದೆಯೆತ್ತರ ಬಂದಿತ್ತು. ಬಾವ ಪಿಚ್ಚು ನೋಡಿದ, ಸುತ್ತ ನೋಡಿದ, ಕಣ ನೋಡಿದ. ಈಗ ಒಂದು ಮಾತು ಕೇಳಿದರೆ ವರ್ಷದ ಕೆಲಸ ಮಣ್ಣು. ಆದರೆ ನಮ್ಮೂರ ರೂಲ್ಸೇನು ಎಂದು ಅವನು ಕೇಳಿದರೆ, ಹೋದ ವರ್ಷ ತಾನು ಮಾಡಿದ್ದು ಸರಿಯಲ್ಲ ಎಂದು ಒಪ್ಪಿಕೊಂಡಂತೆ. ನನಗೆ ಅವನ ಜಂಬ ಗೊತ್ತಿತ್ತು. ಅವನು ಕೇಳಲಿಲ್ಲ. "ರಾಗಿ ಚೆನ್ನಾಗ್ ಬಂದೈತೆ ಬಾಮೈದ" ಎಂದ. "ಬಂದೈತೆ ಬಾವ" ಎಂದೆ. ಟಾಸು ಗೆದ್ದು ಬ್ಯಾಟಿಂಗ್ ತಗೊಂಡ.

ಮೂರನೇ ಓವರಿನಲ್ಲಿ ನಮ್ಮ ಆಟೋದವನು ಅವನ ಕಾಲ ಬುಡಕ್ಕೇ ಒಂದು ಮೆತ್ತನೆಯ ಬಾಲು ಹಾಕಿದ. ಬಾವ ಬೀಸಿದ. ವಿಕೆಟ್ಟಿನ ಹಿಂದೆ ಕೂತಿದ್ದ ನಾನು ಬಾಲು ಮೇಲೇರುವುದನ್ನು ನೋಡಿದೆ, ಮೂಡಲಿಗೆ ಬಾಗುವುದನ್ನು ನೋಡಿದೆ, ರಾಶಿಯೊಳಗೆ ಸದ್ದಿಲ್ಲದೆ ಇಳಿಯುವುದನ್ನು ನೋಡಿದೆ. ಅಂಪೈರು ಸಿಕ್ಸ್ ಎಂದು ಎರಡೂ ಕೈ ಎತ್ತಿದ. ನಾನು ಗ್ಲೌಸು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು, ನಿಧಾನವಾಗಿ ನಡೆದು ಹೋಗಿ, ಹತ್ತು ತಿಂಗಳು ಬಾಯಲ್ಲಿ ಇಟ್ಟುಕೊಂಡಿದ್ದ ದನಿಯಲ್ಲಿ, "ಔಟು ಬಾವ" ಎಂದೆ.

"ಏನು ಬಾಮೈದ?"

"ಕಣಕ್ಕೆ ಬಿದ್ರೆ ಔಟು. ನಮ್ಮೂರ ರೂಲ್ಸು."

ಅವನು ಬಾಯಿ ತೆರೆದ. ಇನ್ನೇನು ಕೇಳಬೇಕು. ಅಷ್ಟರಲ್ಲಿ ಕಣದ ಕಡೆಯಿಂದ ಬೊಬ್ಬೆ ಎದ್ದಿತು. ಬೌಂಡರಿಯಲ್ಲಿದ್ದ ನಮ್ಮವನು ಖುಷಿ ತಡೆಯಲಾರದೆ, ಬಾಲು ಎತ್ತಿ ತೋರಿಸಲೆಂದು ಶೂ ಸಮೇತ ಕಣಕ್ಕೆ ನುಗ್ಗಿಬಿಟ್ಟಿದ್ದ. ದೊಡ್ಡಪ್ಪ ಮೊರ ಎತ್ತಿಕೊಂಡು ಅವನ ಬೆನ್ನು ಹತ್ತಿದ್ದ. "ರಾಶಿ ಮುಂದೆ ಮೆಟ್ಟಾಕ್ಕಂಡ್ ಬತ್ತೀಯೇನ್ಲಾ? ವರ್ಸೆಲ್ಲಾ ನಾನ್ ಉಣ್ಣೋ ಅನ್ನ ಕಣ್ಲಾ ಅದು!"

ಬಾವ ಬ್ಯಾಟು ನೆಲಕ್ಕಿಟ್ಟು ಅತ್ತ ಹೋದ. ಕಣದ ಅಂಚಿನಲ್ಲಿ ಶೂ ಬಿಚ್ಚಿದ. ಬರಿಗಾಲಲ್ಲಿ ಒಳಗೆ ಹೋಗಿ, ರಾಶಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಬಾಲು ತೆಗೆದು ದೊಡ್ಡಪ್ಪನ ಕೈಗಿಟ್ಟ. "ತೆಪ್ಪಾಯ್ತು ಮಾವ. ಬಾಲು ಹೊಡ್ದೋನು ನಾನು. ಹುಡ್ಗನ್ನ ಬುಟ್ಬುಡಿ."

"ಅಳಿಯ ಅಂದ್ರೆ ಹಿಂಗಿರ್ಬೇಕು ಕಣ್ರಲಾ!" ಎಂದು ದೊಡ್ಡಪ್ಪ ಇಡೀ ಗೋಮಾಳಕ್ಕೆ ಕೇಳುವಂತೆ ಕೂಗಿದ. "ನೀವೂ ಇದೀರ, ದಂಡಕ್ಕೆ!"

ನೋಡಲು ಬಂದಿದ್ದ ಹೆಂಗಸರೆಲ್ಲ ತಲೆದೂಗಿದರು. ನಮ್ಮವ್ವ ಕೂಡ. ಬಾವ ಶೂ ಕೈಯಲ್ಲಿ ಹಿಡಿದುಕೊಂಡೇ ಹೊಂಗೆ ಮರದ ಕಡೆ ನಡೆದ. ನನ್ನ ಪಕ್ಕ ಹಾಯುವಾಗ, "ಚೆನ್ನಾಗೈತೆ ಬಾಮೈದ, ಒಳ್ಳೇ ರೂಲ್ಸು" ಎಂದ. ನಕ್ಕ. ನಿಜವಾಗಲೂ ನಕ್ಕುಬಿಟ್ಟ. ಬೈಯಲಿಲ್ಲ, ಜಗಳ ತೆಗೆಯಲಿಲ್ಲ, "ಮೊದ್ಲೇ ಯಾಕ್ ಹೇಳ್ಲಿಲ್ಲ" ಎಂದು ಕೇಳಲಿಲ್ಲ. ಹತ್ತು ತಿಂಗಳ ನನ್ನ ಉತ್ತರ ಗಂಟಲಲ್ಲೇ ಉಳಿಯಿತು. ನಾನು ಸ್ಕೋರು ಪುಸ್ತಕದ ಮೊದಲನೇ ಹಾಳೆ ತೆರೆದು ಹಿಡಿದುಕೊಂಡು, ಯಾರಿಗೆ ತೋರಿಸುವುದೆಂದು ತಿಳಿಯದೆ ನಿಂತಿದ್ದೆ.

ಆಮೇಲಿನದು ಸುಲಭವಾಗಿತ್ತು. ಮೂಡಲಿಗೆ ಹೊಡೆಯುವಂತಿಲ್ಲ ಎಂದ ಮೇಲೆ ಅವರ ಕೈಗಳು ಕಟ್ಟಿಹಾಕಿದಂತಾದವು. ನಮ್ಮವರು ಪಡುವಲಿಗೆ ಬಡಿದು ಬಡಿದು ಎರಡು ಓವರು ಇರುವಾಗಲೇ ಗೆದ್ದರು. ತಮಟೆ ಬಂತು, ಕುಣಿದರು. ನಾನು ಟಗರಿನ ಹಗ್ಗ ಹಿಡಿದುಕೊಂಡು ಬಂಡೆಯ ಮೇಲೆ ಕೂತಿದ್ದೆ.

"ಗೆದ್ದಿದೀವಿ ಕಣ್ಲಾ, ಸಾವಿನ್ ಮನೆಗ್ ಬಂದೋನಂಗ್ ಕುಂತಿದೀಯಲ್ಲ" ಎಂದ ಆಟೋದವನು.

"ಅವ್ನು ನಕ್ಬುಟ್ಟ ಕಣ್ಲಾ."

"ನಗ್ಲಿ ಬುಡು."

"ನಗ್ಬಾರ್ದಿತ್ತು" ಎಂದೆ.

ಮೂರನೇ ದಿನ ಬೆಳಗ್ಗೆ ಅಕ್ಕನ ಫೋನು ಬಂತು. ಮೊದಲು ಹುತ್ತದ ವಿಷಯಕ್ಕೆ ಚೆನ್ನಾಗಿ ಉಗಿದಳು. "ಮಣ್ ಗುಡ್ಡೆಗ್ ಹಾಲೆರೆಸ್ದಲ್ಲೋ ನನ್ ಕೈಲಿ. ನಂಗ್ ಹೇಳಿದ್ರೆ ನಾನೇನ್ ಅವ್ರಿಗ್ ಹೇಳ್ಬುಡ್ತಿದ್ನಾ?"

"ಹೇಳ್ತಿದ್ದೆ."

"ಹೂಂ, ಹೇಳ್ತಿದ್ದೆ" ಎಂದಳು. ಆಮೇಲೆ ದನಿ ಇಳಿಸಿದಳು. "ಎಲ್ಡ್ ದಿನದಿಂದ ಸರ್ಯಾಗ್ ಉಂಡಿಲ್ಲ ಕಣ್ಲಾ ನಿಮ್ ಬಾವ. ಹುಳಕ್ ಸೊಪ್ಪಾಕಕ್ಕೂ ಏಳ್ನಿಲ್ಲ. ಸುಮ್ಕೆ ಕುಂತವ್ರೆ."

ನಾನು ಎದ್ದು ನಿಂತೆ. "ಏನಂತವ್ರೆ?"

"ಮೊದ್ಲೇ ಹೇಳ್ಬೇಕಿತ್ತು, ಮೊದ್ಲೇ ಹೇಳ್ಬೇಕಿತ್ತು. ಅದೊಂದೇ. ನಿದ್ದೇಲೂ ಅದೇ."

"ಇನ್ನೊಂದ್ ಸಲ ಹೇಳಕ್ಕ."

"ಯಾಕ್ಲಾ?"

"ಸರ್ಯಾಗ್ ಕೇಳಿಸ್ನಿಲ್ಲ." ಅವಳು ಇನ್ನೊಮ್ಮೆ ಹೇಳಿದಳು. ಜಗುಲಿ ಮೇಲೆ ಕೂತು ಕಿವಿ ತುಂಬ ಕೇಳಿಸಿಕೊಂಡೆ. "ಉಣ್ಣಕ್ ಏನ್ ಮಾಡಿದ್ದೆ?"

"ಅವರೆಕಾಳ್ ಸಾರು."

"ಅವರೆಕಾಳ್ ಸಾರೂ ಉಣ್ನಿಲ್ವಾ!" ಎಂದೆ. ನನ್ನ ದನಿಯಲ್ಲಿದ್ದ ಸಂತೋಷ ನನಗೇ ಕೇಳಿಸಿತು. "ಅಕ್ಕ, ಒಸಿ ವಿಡಿಯೋ ಹಾಕು."

"ಥೂ ನಿನ್ ಮುಖಕ್ಕೆ. ನೋಡು, ನೀನ್ ಮಾಡಿರೋ ಘನ ಕಾರ್ಯ ನೀನೇ ಕಣ್ಣಾರೆ ನೋಡ್ಕೊ" ಎಂದು ಬೈಯುತ್ತಲೇ ಅಕ್ಕ ಫೋನನ್ನು ನಡುಮನೆ ಕಡೆ ತಿರುಗಿಸಿದಳು. ಬಾವ ಕಂಬಕ್ಕೆ ಒರಗಿ, ಆರಿಸಿಟ್ಟ ಟಿವಿಯನ್ನೇ ನೋಡುತ್ತ ಕೂತಿದ್ದ. ಗಡ್ಡ ಬಂದಿತ್ತು. ಮೀಸೆ ಎರಡೂ ಕಡೆ ಕೆಳಗೆ ಬಿದ್ದಿತ್ತು. ತುಟಿ ಏನೋ ಗೊಣಗುತ್ತಿತ್ತು.

"ಸಾಕೇನ್ಲಾ?" ಎಂದಳು ಅಕ್ಕ.

"ಇನ್ನೊಸಿ ಹಿಂಗೇ ಹಿಡ್ಕೊಂಡಿರಕ್ಕ" ಎಂದೆ.