ಚೀನಾದ ಗುಡಿಯಲ್ಲಿ ಬರಿಗಾಲು

ಚೀನಾದವರಿಗೆ ಗುಡಿಯೊಳಗೆ ಬರಿಗಾಲಲ್ಲಿ ಹೋಗುವುದನ್ನು ಕಲಿಸಿದವನು ನಾನು. ಜೊತೆಗಿದ್ದ ಜಗನ್ನಾಥ ಈಗಿಲ್ಲ, ಹಾಗಾಗಿ ನನ್ನ ಮಾತನ್ನೇ ನಂಬಬೇಕು.

ನಾವಿಬ್ಬರೂ ಇಂಗ್ಲೆಂಡಿನ ಲೆಸ್ಟರಿನ ಒಂದು ಹೋಟೆಲಿನಲ್ಲಿ ಅಡುಗೆಯವರು. ಪಿಂಗಾಣಿ ತಟ್ಟೆ ಆರಿಸಲು ಧಣಿ ನಮ್ಮನ್ನು ಚೀನಾದ ಒಂದು ಸಣ್ಣ ಪೇಟೆಗೆ ಕಳಿಸಿದ್ದರು. ಕೆಲಸ ಮುಗಿಸಿ ಪಕ್ಕದ ಗುಡ್ಡದ ಮೇಲಿನ ಹಳೇ ಬುದ್ಧನ ಗುಡಿ ನೋಡಲು ಹೋದೆವು. ಚಳಿಗಾಲ, ಅಂಗಳದ ಕಲ್ಲಿನ ಮೇಲೆಲ್ಲ ಹಿಮ. ಅಲ್ಲಿನವರು ಬೂಟು ಹಾಕಿಕೊಂಡೇ ಒಳಗೆ ಹೋಗುತ್ತಿದ್ದರು. ಜಗನ್ನಾಥನೂ ಹಾಗೇ ಹೊರಟ.

"ದೇವರೆದುರು ಬೂಟಾ? ನಾಚಿಕೆ ಇಲ್ವಾ ಮಾರಾಯ?" ಅಂದೆ.

ಸಕ್ಕರೆ ಕಾಯಿಲೆಯವನು, ಆದರೂ ಎದುರಾಡದೆ ಬಿಚ್ಚಿದ. ಇಬ್ಬರೂ ಬರಿಗಾಲಲ್ಲಿ ಗುಡಿಗೆ ನೂರೆಂಟು ಸುತ್ತು ಬಂದೆವು. ಅಲ್ಲಿನ ಭಿಕ್ಷುಗಳೆಲ್ಲ ಬೂಟು ಕಳಚಿ ನಮ್ಮ ಹಿಂದೆಯೇ ಬಂದರು.

ಜಗನ್ನಾಥನ ಹದಿಮೂರನೇ ದಿನದ ಊಟಕ್ಕೆ ಕೂತಾಗ ಇದನ್ನೇ ಹೇಳುತ್ತಿದ್ದೆ. ಅವನ ಹೆಂಡತಿ ಸುಮತಿ ಎದುರಿಗೇ ಇದ್ದಳು.

"ಅಣ್ಣ, ಅವರ ಕಾಲಿನ ಹುಣ್ಣು ಶುರುವಾದದ್ದು ಆ ಗುಡಿಯಿಂದಲೇ. ಎರಡು ವರ್ಷ ಆಸ್ಪತ್ರೆಗೆ ತಿರುಗಿದೆವು. ಮೊದಲು ಬೆರಳು ತೆಗೆದರು, ಆಮೇಲೆ ಪಾದ."

"ಅವನ ಹಣೆಬರಹ" ಅಂದೆ.

"ಸುತ್ತು ಬರುವಾಗ ನಮ್ಮವರು ತೆಗೆದ ನಿಮ್ಮ ಫೋಟೋ ಅವರ ಫೋನಿನಲ್ಲಿ ಇನ್ನೂ ಇದೆ. ಗುಡಿಯ ಅಂಗಳದಲ್ಲಿ ಕೈಮುಗಿದು ನಿಂತಿದ್ದೀರಿ, ಬೂಟು ಹಾಕಿಕೊಂಡು."

ನಾನು ಭುಜ ಹಾರಿಸಿ ಅನ್ನಕ್ಕೆ ಸಾರು ಕಲಸಿದೆ.

"ಚಳಿ ಜೋರಿತ್ತು, ಸುಮತಿ."